ತಳಿ ಇತ್ತು, ಬೀಜ ಬೇಕಿತ್ತು

ಕೇಳುಗರೇ, ನಮಸ್ಕಾರ. ಇವತ್ತು ಮುದ್ದೆ ಉಂಡಿರಾ? ಹಾಗಾದರೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮನ್ನು ಒಮ್ಮೆ ನೆನೆಯೋಣ.

ಅಲ್ಲಿ ಲಕ್ಷ್ಮಣಯ್ಯನವರು ಅಂತ ರಾಗಿ ವಿಜ್ಞಾನಿ ಇದ್ದರು. ರಾಗಿ ಹೂವು ತೀರಾ ಸಣ್ಣದು. ಬೆಳಗಿನ ಜಾವ ಅರಳಿ, ತನ್ನ ಪರಾಗದಿಂದಲೇ ಕಾಳು ಕಟ್ಟಿಬಿಡುತ್ತದೆ. ಅದಕ್ಕೆ ಬೇರೆ ಗಿಡದ ಪರಾಗ ಸೇರಿಸುವುದು ಎಂಥ ನಾಜೂಕಿನ ಕೆಲಸ ಯೋಚಿಸಿ. ಅವರು ಅದನ್ನೇ ವರ್ಷಗಟ್ಟಲೆ ಮಾಡಿದರು. ದಪ್ಪ ತೆನೆಯ ಆಫ್ರಿಕಾದ ರಾಗಿಯನ್ನು ನಮ್ಮ ನೆಲದ ರಾಗಿಗೆ ಕೂಡಿಸಿ, 1970ರ ದಶಕದಲ್ಲಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಿಯಾ, ಆಫ್ರಿಕಾ ಎರಡೂ ಆ ಹೆಸರಲ್ಲೇ ಇವೆ.

ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಆಮೇಲಿನ ಕೆಲಸ. ಒಳ್ಳೆ ತಳಿ ಫಾರ್ಮಿನ ಮಡಿಯಲ್ಲೇ ನಿಂತಿದ್ದರೆ ರೈತನ ಕಣದಲ್ಲಿ ಒಂದು ಸೇರೂ ಹೆಚ್ಚುವುದಿಲ್ಲ, ಅಲ್ವಾ? ಫಾರ್ಮಿನ ಬೀಜದಿಂದ ಮೂಲ ಬೀಜ, ಅದರಿಂದ ಪ್ರಮಾಣಿತ ಬೀಜ, ಹೀಗೆ ಹಂತ ಹಂತವಾಗಿ ಬೆಳೆಸಬೇಕು, ಒಂದು ಹಂಗಾಮು ತಪ್ಪಿದರೆ ಅಷ್ಟು ಕಾಲ ರೈತ ಕಾಯಬೇಕು. ಗೊಬ್ಬರ ಸಿಗಬೇಕು. ಸೊಸೈಟಿ ಸಾಲ ಕೊಡಬೇಕು. ಯಾವಾಗ ಯಾವ ತಳಿ ಹಾಕಬೇಕು ಅಂತ ಹೇಳೋಕೆ ಕೃಷಿ ಇಲಾಖೆಯವರು ಊರಿಗೆ ಬರಬೇಕು. ರಾಷ್ಟ್ರೀಯ ನಾವೀನ್ಯ ವ್ಯವಸ್ಥೆ ಅಂತ ಅರ್ಥಶಾಸ್ತ್ರದವರು ಕರೆಯುವುದು ಇದನ್ನೆಲ್ಲ ಸೇರಿಸಿಯೇ.

ಅದರಲ್ಲಿ ನಾನು ಪಕ್ಕದ ಹೊಲದವರನ್ನೂ ಸೇರಿಸುತ್ತೇನೆ. ಮೆಕ್ಕೆಜೋಳದ ಹೈಬ್ರಿಡ್ ಬೀಜವನ್ನು ಪ್ರತಿ ವರ್ಷ ಕೊಳ್ಳಬೇಕು. ರಾಗಿ ಹಾಗಲ್ಲ. ಒಳ್ಳೆ ತೆನೆ ಆರಿಸಿಟ್ಟರೆ ಮುಂದಿನ ಬಿತ್ತನೆಗೆ ಅದೇ ಬೀಜ, ನಾಟಿ ಮಾಡುವವರಿಗಂತೂ ಎಕರೆಗೆ ಎರಡು ಕೆ.ಜಿ. ಇದ್ದರೆ ಸಾಕು, ಬೀಗರ ಮನೆಗೆ ಹೋದವರು ಟವೆಲಿನಲ್ಲಿ ಗಂಟು ಕಟ್ಟಿಕೊಂಡು ಬರಬಹುದು. ಇಂಥ ಕೈಬದಲು ಯಾವ ಲೆಕ್ಕದ ಪುಸ್ತಕಕ್ಕೂ ಏರುವುದಿಲ್ಲ. ಇಳುವರಿ ಹೆಚ್ಚಿಸುವುದರಲ್ಲಿ ಅದರ ಪಾಲು ಸಣ್ಣದಲ್ಲ.

ಇಂಡಾಫ್‌ಗೂ ಕಷ್ಟ ಬಂತು. ಬೆಂಕಿ ರೋಗ. ತೆನೆಯ ಕತ್ತು ಕಪ್ಪಾಗಿ ಕಾಳು ಜೊಳ್ಳಾಗುತ್ತಿತ್ತು. ಈ ಕಷ್ಟ ಹೊಲದಿಂದ ವಿಜ್ಞಾನಿಗಳ ತನಕ ಮುಟ್ಟಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಇರುವ ಜಿ.ಕೆ.ವಿ.ಕೆ.ಯಲ್ಲಿ ಇಂಡಾಫ್ ವಂಶದಿಂದಲೇ ರೋಗ ತಡೆದುಕೊಳ್ಳುವ ಜಿಪಿಯು-28 ತಳಿ ತಯಾರಾಯಿತು. 1990ರ ದಶಕದಲ್ಲಿ ಬಂದ ಆ ತಳಿಯನ್ನು ನಮ್ಮಲ್ಲಿ ಅನೇಕರು ಈಗಲೂ ಬಿತ್ತುತ್ತಾರೆ.

ಈ ಸಲ ನಿಮ್ಮ ಹೊಲದಲ್ಲಿ ತೆನೆಯ ಕತ್ತು ಕಪ್ಪಾಗಿ ಕಂಡರೆ ಸುಮ್ನೆ ಕೂರಬೇಡಿ. ಒಂದು ತೆನೆ ಮುರಿದು ರೈತ ಸಂಪರ್ಕ ಕೇಂದ್ರಕ್ಕೆ ತೆಗೆದುಕೊಂಡು ಹೋಗಿ ತೋರಿಸಿ. ಯಾವ ತಳಿ, ಯಾವಾಗ ಬಿತ್ತಿದ್ದು ಅಂತಲೂ ಹೇಳಿ.