ಪ್ರಾಸ್ಟೇಟ್ ರಿಪೋರ್ಟಿನಲ್ಲಿರುವ 3+4 ಎಲ್ಲಿಂದ ಬಂತು? ಡಾ. ಗ್ಲೀಸನ್ ಮಾಡಿಟ್ಟ ಕೆಲಸ

ನಮಸ್ಕಾರ. ನಿಮ್ಮ ಮನೆಯಲ್ಲಿ ಅಪ್ಪನಿಗೋ, ದೊಡ್ಡಪ್ಪನಿಗೋ, ಮಾವನಿಗೋ ಪ್ರಾಸ್ಟೇಟ್ ಬಯಾಪ್ಸಿ (ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯಿಂದ ಚೂರು ತೆಗೆದು ಮಾಡುವ ಪರೀಕ್ಷೆ) ಆಗಿದ್ದರೆ ಆ ರಿಪೋರ್ಟನ್ನು ಒಮ್ಮೆ ತೆಗೆದು ನೋಡಿ. ಕ್ಯಾನ್ಸರ್ ಇದೆ ಅಂತ ಬಂದಿದ್ದರೆ ಅದರ ಜೊತೆಗೇ ಒಂದು ಸಣ್ಣ ಕೂಡುವ ಲೆಕ್ಕ ಇರುತ್ತದೆ. ಗ್ಲೀಸನ್ ಸ್ಕೋರ್ 3+3=6. ಇಲ್ಲವೇ 3+4=7. ಇಲ್ಲವೇ 4+5=9. ಲ್ಯಾಬ್ ಬೆಂಗಳೂರಿನದಾಗಲಿ, ಹುಬ್ಬಳ್ಳಿಯದಾಗಲಿ, ಲಂಡನ್ನಿನದಾಗಲಿ, ಲೆಕ್ಕ ಬರೆಯುವ ರೀತಿ ಒಂದೇ. ಆಪರೇಷನ್ ಮಾಡಬೇಕೋ, ರೇಡಿಯೇಷನ್ ಕೊಡಬೇಕೋ, ಅಥವಾ ಸದ್ಯಕ್ಕೆ ಏನೂ ಮಾಡದೆ ಗಮನ ಇಟ್ಟುಕೊಂಡಿದ್ದರೆ ಸಾಕೋ ಅನ್ನುವ ತೀರ್ಮಾನದಲ್ಲಿ ಈ ಲೆಕ್ಕದ ಪಾಲು ತುಂಬಾ ದೊಡ್ಡದು.

ಗ್ಲೀಸನ್ ಅನ್ನುವುದು ಒಬ್ಬರ ಹೆಸರು. ಡೊನಾಲ್ಡ್ ಗ್ಲೀಸನ್. ಅಮೆರಿಕದ ಪೆಥಾಲಜಿಸ್ಟ್. ಅವರು ಇದನ್ನು ಹೇಗೆ ಕಂಡುಕೊಂಡರು ಅಂತ ಗೊತ್ತಾದರೆ ರಿಪೋರ್ಟನ್ನು ಓದುವ ರೀತಿಯೇ ಬದಲಾಗುತ್ತದೆ. ಅದಕ್ಕೇ ಈ ವಿಡಿಯೋ.

(ಪರದೆ ಮೇಲೆ: ಡೊನಾಲ್ಡ್ ಗ್ಲೀಸನ್, 1920–2008)

ಗ್ಲೀಸನ್ ಹುಟ್ಟಿದ್ದು 1920ರಲ್ಲಿ, ಅಯೋವಾ ರಾಜ್ಯದಲ್ಲಿ. ಬೆಳೆದಿದ್ದು ಮಿನೆಸೋಟಾದ ಲಿಚ್‌ಫೀಲ್ಡ್ ಅನ್ನುವ ಚಿಕ್ಕ ಊರಿನಲ್ಲಿ. ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರಿಕೆ ಓದಿದರು. ಆಮೇಲೆ ಮಿನಿಯಾಪೊಲಿಸ್‌ನಲ್ಲಿದ್ದ ಮಾಜಿ ಸೈನಿಕರ ಸರ್ಕಾರಿ ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ಬಹಳ ವರ್ಷ ದುಡಿದರು. ಪೆಥಾಲಜಿಸ್ಟ್ ಅಂದರೆ ರೋಗಿಯ ಮುಖವನ್ನೇ ನೋಡದ ಡಾಕ್ಟರ್. ಬಯಾಪ್ಸಿಯಲ್ಲಿ ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿ, ತೆಳ್ಳಗೆ ಸೀಳಿ, ಬಣ್ಣ ಹಾಕಿ, ಗಾಜಿನ ಸ್ಲೈಡ್ ಮೇಲಿಟ್ಟು ಕೊಟ್ಟಿದ್ದನ್ನು ಅವರು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಇದು ಕ್ಯಾನ್ಸರ್ ಹೌದೋ ಅಲ್ಲವೋ, ಹೌದಾದರೆ ಎಷ್ಟು ಕೆಟ್ಟದ್ದು ಅಂತ ಹೇಳುವವರು ಅವರೇ. ನಮ್ಮಲ್ಲಿ ಎಷ್ಟೋ ಜನರಿಗೆ ಇವರ ಹೆಸರು ರಿಪೋರ್ಟಿನ ಕೆಳಗಿನ ಸಹಿಯಾಗಿ ಮಾತ್ರ ಗೊತ್ತು.

1960ರ ಆಸುಪಾಸಿನಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳು ಒಟ್ಟಾಗಿ ಒಂದು ದೊಡ್ಡ ಅಧ್ಯಯನ ಶುರು ಮಾಡಿದವು. ಪ್ರಾಸ್ಟೇಟ್ ಕ್ಯಾನ್ಸರಿಗೆ ಆಪರೇಷನ್, ವೃಷಣ ತೆಗೆಯುವುದು, ಈಸ್ಟ್ರೊಜೆನ್ ಅನ್ನುವ ಹೆಣ್ಣು ಹಾರ್ಮೋನಿನ ಮಾತ್ರೆ, ಹೀಗೆ ಆಗ ಚಾಲ್ತಿಯಲ್ಲಿದ್ದ ಚಿಕಿತ್ಸೆಗಳಲ್ಲಿ ಯಾವುದು ನಿಜಕ್ಕೂ ಕೆಲಸ ಮಾಡುತ್ತದೆ ಅಂತ ನೋಡುವುದು ಉದ್ದೇಶ. ಅದರಿಂದ ಹೊರಬಿದ್ದ ಒಂದು ವಿಷಯ ಹೇಳಲೇಬೇಕು. ದಿನಕ್ಕೆ 5 ಮಿಲಿಗ್ರಾಂ ಈಸ್ಟ್ರೊಜೆನ್ ಮಾತ್ರೆ ತೆಗೆದುಕೊಂಡವರಲ್ಲಿ ಕ್ಯಾನ್ಸರ್‌ನ ಸಾವು ಕಡಿಮೆಯಾದರೂ ಹೃದಯ ಮತ್ತು ರಕ್ತನಾಳದ ತೊಂದರೆಯಿಂದ ಸತ್ತವರು ಜಾಸ್ತಿಯಾದರು. ಎಲ್ಲರೂ ನಂಬಿ ಕೊಡುತ್ತಿದ್ದ ಮಾತ್ರೆ ಅದು.

ಈ ಅಧ್ಯಯನದ ಮುಂದಾಳು ಜಾರ್ಜ್ ಮೆಲಿಂಜರ್, ಅದೇ ಮಿನಿಯಾಪೊಲಿಸ್ ಆಸ್ಪತ್ರೆಯ ಯುರಾಲಜಿಸ್ಟ್, ಅಂದರೆ ಮೂತ್ರಾಂಗ ಮತ್ತು ಪ್ರಾಸ್ಟೇಟ್ ನೋಡುವ ಡಾಕ್ಟರ್. ಅವರಿಗೊಂದು ತೊಡಕಿತ್ತು. ಕೆಲವರ ಪ್ರಾಸ್ಟೇಟ್ ಕ್ಯಾನ್ಸರ್ ಹದಿನೈದು ವರ್ಷ ಒಳಗೇ ಇದ್ದರೂ ಏನೂ ಮಾಡುವುದಿಲ್ಲ. ಕೆಲವರದು ಎರಡೇ ವರ್ಷದಲ್ಲಿ ಮೂಳೆಗೆ ಹೋಗುತ್ತದೆ. ಯಾರದು ಯಾವ ಜಾತಿಯ ಕ್ಯಾನ್ಸರ್ ಅಂತ ತಿಳಿಯದೆ ಚಿಕಿತ್ಸೆಗಳನ್ನು ಹೋಲಿಸುವುದು ಹೇಗೆ? ಕ್ಯಾನ್ಸರ್ ಎಷ್ಟು ಕೆಟ್ಟದ್ದು ಅಂತ ಗ್ರೇಡ್ ಕೊಡುವ ಪದ್ಧತಿಗಳು ಆಗಲೂ ಇದ್ದವು, ಆದರೆ ಒಬ್ಬೊಬ್ಬ ಪೆಥಾಲಜಿಸ್ಟ್‌ದು ಒಂದೊಂದು ದಾರಿ. 1962ರಲ್ಲಿ ಮೆಲಿಂಜರ್ ಗ್ಲೀಸನ್ ಅವರನ್ನು ಕೇಳಿದರು, ಎಲ್ಲರೂ ಬಳಸಬಹುದಾದ ಒಂದು ಪದ್ಧತಿ ಮಾಡಿಕೊಡುತ್ತೀರಾ ಅಂತ.

ಈಗ ಗ್ಲೀಸನ್ ಏನು ಮಾಡಿದರು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಅವರ ದೊಡ್ಡತನ ಇರುವುದು ಇಲ್ಲೇ.

(ಪರದೆ ಮೇಲೆ: ಮೈಕ್ರೋಸ್ಕೋಪಿನಲ್ಲಿ ಸಹಜ ಪ್ರಾಸ್ಟೇಟ್, ಕಡಿಮೆ ಪವರ್)

ಆಗ ಸಾಮಾನ್ಯವಾಗಿ ಒಂದೊಂದು ಜೀವಕೋಶವನ್ನೂ ಹತ್ತಿರದಿಂದ ನೋಡಿ, ಅದರ ನ್ಯೂಕ್ಲಿಯಸ್, ಅಂದರೆ ನಡುವಿನ ಕೇಂದ್ರ, ಎಷ್ಟು ವಿಕಾರವಾಗಿದೆ ಅಂತ ಅಳೆಯುತ್ತಿದ್ದರು. ಗ್ಲೀಸನ್ ಲೆನ್ಸಿನ ಪವರ್ ಕಡಿಮೆ ಮಾಡಿದರು. ಕೋಶ ಬಿಟ್ಟು ಕೋಶಗಳ ಜೋಡಣೆ ನೋಡಿದರು. ಪ್ರಾಸ್ಟೇಟ್ ಅಂದರೆ ಪುಟ್ಟ ಪುಟ್ಟ ಗ್ರಂಥಿಗಳ ಗುಂಪು, ಅಡ್ಡ ಸೀಳಿದರೆ ಉಂಗುರದ ಹಾಗೆ ಕಾಣುತ್ತವೆ. ಕ್ಯಾನ್ಸರ್ ಆದಾಗ ಈ ಉಂಗುರಗಳು ಕೆಡುತ್ತಾ ಹೋಗುತ್ತವೆ. ಮೊದಮೊದಲು ಚಿಕ್ಕದಾಗಿ ಚೆದುರಿದರೂ ಒಂದೊಂದೂ ಬಿಡಿಬಿಡಿಯಾಗಿರುತ್ತದೆ. ಆಮೇಲೆ ಒಂದಕ್ಕೊಂದು ಅಂಟಿಕೊಂಡು, ತೂತು ತೂತಾದ ಮುದ್ದೆಯಾಗುತ್ತವೆ. ಕೊನೆಗೆ ಉಂಗುರ ಅನ್ನುವುದೇ ಉಳಿಯದೆ, ಕೋಶಗಳು ಒಂಟೊಂಟಿಯಾಗಿ, ಸಾಲಾಗಿ ಎಲ್ಲೆಂದರಲ್ಲಿ ನುಗ್ಗಿರುತ್ತವೆ.

ಮಿನಿಯಾಪೊಲಿಸ್‌ನ 270 ರೋಗಿಗಳ ಸ್ಲೈಡುಗಳನ್ನು ಅವರು ಹೀಗೆ ಆಕಾರ ನೋಡಿ ಗುಂಪು ಮಾಡಿದರು. ಸ್ಲೈಡ್ ಯಾರದು, ಆ ಮನುಷ್ಯ ಬದುಕಿದ್ದಾನಾ, ಸತ್ತನಾ, ಕ್ಯಾನ್ಸರ್ ಎಲ್ಲಿವರೆಗೆ ಹರಡಿದೆ, ಯಾವುದೂ ಗೊತ್ತಿಲ್ಲದೆ ಮಾಡಿದರು. ಯಾವ ಆಕಾರ ಕೆಟ್ಟದ್ದು ಅಂತ ಮೊದಲೇ ತೀರ್ಮಾನ ಮಾಡಲಿಲ್ಲ. ಆಮೇಲೆ ಸಂಖ್ಯಾಶಾಸ್ತ್ರಜ್ಞ ಜಾನ್ ಬೇಲರ್ ಜೊತೆ ಸೇರಿ, ಯಾವ ಆಕಾರದವರಲ್ಲಿ ಸಾವು ಎಷ್ಟು ಅಂತ ತಾಳೆ ನೋಡಿದರು. ಸಾವಿನ ಪ್ರಮಾಣ ಒಂದೇ ಥರ ಇದ್ದ ಆಕಾರಗಳನ್ನು ಒಂದೇ ಗ್ರೇಡಿಗೆ ಹಾಕಿದರು. ಗ್ರೇಡ್ 1 ಅತಿ ಸೌಮ್ಯ, 5 ಅತಿ ಕೆಟ್ಟದ್ದು. ಅವರು ತಾವೇ ಬಿಡಿಸಿದ ಆ ಹೆಸರಾಂತ ರೇಖಾಚಿತ್ರದಲ್ಲಿ ಗ್ರೇಡ್ ಐದೇ ಇದ್ದರೂ ಮೂರು, ನಾಲ್ಕು, ಐದರ ಒಳಗೆ ಬೇರೆ ಬೇರೆ ಆಕಾರಗಳು ಕಾಣುವುದು ಇದಕ್ಕೇ.

ತನ್ನ ಅಭಿಪ್ರಾಯವನ್ನು ಬದಿಗಿಟ್ಟು, ರೋಗಿಗಳಿಗೆ ನಿಜಕ್ಕೂ ಏನಾಯಿತು ಅನ್ನುವುದಕ್ಕೆ ತಲೆಬಾಗುವುದು ಇದೆಯಲ್ಲ, ಅನುಭವಿ ಡಾಕ್ಟರಿಗೆ ಅದು ಸುಲಭ ಅಲ್ಲ. ನನಗೆ ಈ ಮನುಷ್ಯನ ಮೇಲೆ ಗೌರವ ಬಂದಿದ್ದು ಅಲ್ಲೇ.

ಇನ್ನೊಂದು ತೊಡಕು. ಅರ್ಧಕ್ಕಿಂತ ಜಾಸ್ತಿ ರೋಗಿಗಳಲ್ಲಿ ಒಂದೇ ಸ್ಲೈಡಿನಲ್ಲಿ ಎರಡು ಮೂರು ಆಕಾರ ಸಿಕ್ಕವು. ಆಗ ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕು? ಅತಿ ಕೆಟ್ಟದ್ದನ್ನು ಅಲ್ವಾ? ಅಂದಿನ ರೂಢಿ ಅದೇ. ಆದರೆ ಲೆಕ್ಕ ಬೇರೆ ಹೇಳಿತು. ಎರಡು ಆಕಾರ ಇದ್ದವರ ಸಾವಿನ ಪ್ರಮಾಣ ಆ ಎರಡರ ನಡುವೆ ಎಲ್ಲೋ ಬರುತ್ತಿತ್ತು. ಹಾಗಾಗಿ ಅತಿ ಹೆಚ್ಚು ಜಾಗ ಹಿಡಿದ ಆಕಾರದ ಗ್ರೇಡ್ ಮೊದಲು, ಎರಡನೆಯದರ ಗ್ರೇಡ್ ಆಮೇಲೆ, ಎರಡನ್ನೂ ಕೂಡಿಸಿದರು. ಒಂದೇ ಆಕಾರ ಇದ್ದರೆ ಅದನ್ನೇ ಎರಡು ಸಲ. ನಿಮ್ಮ ರಿಪೋರ್ಟಿನಲ್ಲಿ ಕೂಡುವ ಚಿಹ್ನೆ ಬಂದಿದ್ದು ಹೀಗೆ. ಈಗ ಸೂಜಿ ಬಯಾಪ್ಸಿಯಲ್ಲಿ ಎರಡನೇ ಅಂಕಿಗೆ ಇರುವುದರಲ್ಲಿ ಅತಿ ಕೆಟ್ಟ ಗ್ರೇಡನ್ನು ಹಾಕುತ್ತಾರೆ, ಅದು ಆಮೇಲಿನ ತಿದ್ದುಪಡಿ.

1966ರಲ್ಲಿ ಇದು ಅಚ್ಚಾಯಿತು. ನಾಲ್ಕೇ ಪುಟ. 1974ರಲ್ಲಿ ಗ್ಲೀಸನ್ ಮತ್ತು ಮೆಲಿಂಜರ್ ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಮತ್ತೆ ಪರೀಕ್ಷಿಸಿ ತೋರಿಸಿದರು, ಆಮೇಲೆ ಅದು 2,911 ರೋಗಿಗಳವರೆಗೆ ಹೋಯಿತು. ತಮ್ಮದೇ ಸ್ಲೈಡುಗಳನ್ನು ಮತ್ತೊಮ್ಮೆ ಓದಿ, ಹಳೆಯ ಸ್ಕೋರೇ ಮತ್ತೆ ಬಂದಿದ್ದು ಸುಮಾರು ಅರ್ಧದಷ್ಟು ಸಲ, ಒಂದು ಅಂಕಿ ಆಚೀಚೆ ಅಂತ ಬಿಟ್ಟರೆ ಸುಮಾರು 85 ಶೇಕಡಾ ಅಂತ ಗ್ಲೀಸನ್ ತಾವೇ ಬರೆದರು. ಪದ್ಧತಿ ಮಾಡಿದವರದ್ದೇ ಈ ಮಾತು. ನಿಮ್ಮ ರಿಪೋರ್ಟಿನ ಅಂಕಿಯನ್ನು ಕಲ್ಲಿನ ಮೇಲೆ ಕೆತ್ತಿದ್ದು ಅಂದುಕೊಳ್ಳಬೇಡಿ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?

ಜಗತ್ತು ಇದನ್ನು ತಕ್ಷಣ ಒಪ್ಪಲಿಲ್ಲ, ಬೇರೆ ಪದ್ಧತಿಗಳು ಬಹಳ ಕಾಲ ಪಕ್ಕದಲ್ಲೇ ನಡೆದವು. 80ರ ದಶಕದಲ್ಲಿ ಪ್ರಾಸ್ಟೇಟ್ ಆಪರೇಷನ್ ಸುಧಾರಿಸಿತು, ಆ ದಶಕದ ಕೊನೆಗೆ ಪಿಎಸ್‌ಎ (ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೋಟೀನ್) ಅಳೆಯುವ ರಕ್ತಪರೀಕ್ಷೆ ಬಂತು, ತೆಳು ಸೂಜಿಯ ಬಯಾಪ್ಸಿ ಬಂತು. ಕ್ಯಾನ್ಸರ್ ಬೇಗ ಪತ್ತೆಯಾಗತೊಡಗಿತು. ಆಗ ಯಾರಿಗೆ ಕತ್ತಿ ಹಾಕಬೇಕು, ಯಾರನ್ನು ಬಿಡಬೇಕು ಅನ್ನುವ ಪ್ರಶ್ನೆ ದಿನಾ ಬರತೊಡಗಿ, ಎಲ್ಲರೂ ಗ್ಲೀಸನ್ ಕಡೆ ತಿರುಗಿದರು.

(ಪರದೆ ಮೇಲೆ: 2 ರಿಂದ 10, ಅದರಲ್ಲಿ 2, 3, 4, 5 ಅಳಿಸಿಹೋಗುತ್ತವೆ)

ಈಗ ನಿಮಗೆ ನೇರವಾಗಿ ಬೇಕಾದ ವಿಷಯ. ಸ್ಕೋರ್ 2ರಿಂದ 10. ಹಾಗಾದರೆ 6 ಅಂದರೆ ನಡುವಿನದ್ದು ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ ಇವತ್ತು ಸೂಜಿ ಬಯಾಪ್ಸಿಯಲ್ಲಿ ಕೊಡುವ ಅತಿ ಕಡಿಮೆ ಸ್ಕೋರೇ 6, ಅಂದರೆ 3+3! ಗ್ಲೀಸನ್ ಕಾಲದಲ್ಲಿ ಇರದಿದ್ದ ಒಂದು ಪರೀಕ್ಷೆ ಆಮೇಲೆ ಬಂತು. ಸಹಜ ಗ್ರಂಥಿಯ ಸುತ್ತ ಬೇಸಲ್ ಕೋಶಗಳ ಒಂದು ಪದರ ಇರುತ್ತದೆ, ಕ್ಯಾನ್ಸರಿನಲ್ಲಿ ಅದು ಇರುವುದಿಲ್ಲ. ಆ ಪದರಕ್ಕೆ ಮಾತ್ರ ಹತ್ತುವ ಬಣ್ಣ ಹಾಕಿ ನೋಡಿದಾಗ, ಹಿಂದೆ ಗ್ರೇಡ್ 1 ಅಂದಿದ್ದ ಎಷ್ಟೋ ಗಡ್ಡೆಗಳು ಕ್ಯಾನ್ಸರೇ ಅಲ್ಲ ಅಂತ ಗೊತ್ತಾಯಿತು. 2005ರಲ್ಲಿ ಪೆಥಾಲಜಿಸ್ಟ್‌ಗಳು ಸೇರಿ ಪದ್ಧತಿಯನ್ನು ತಿದ್ದಿದರು, 2014ರಲ್ಲಿ ಇನ್ನೊಮ್ಮೆ. ತೂತು ತೂತಾದ ಆಕಾರವನ್ನು ಗ್ಲೀಸನ್ ಗ್ರೇಡ್ 3ರಲ್ಲೂ ಇಟ್ಟಿದ್ದರು, ಅದನ್ನು ಪೂರ್ತಿ 4ಕ್ಕೆ ಸರಿಸಿದರು.

6 ಅಂತ ಓದಿ ರಾತ್ರಿಯಿಡೀ ನಿದ್ದೆ ಮಾಡದವರು ಎಷ್ಟು ಜನ ಇದ್ದಾರೋ. ಅವರಿಗೆ ಯಾರಾದರೂ ಹೇಳಬೇಕಲ್ವಾ? ಬ್ರಿಟನ್ನಿನಲ್ಲಿ ನಡೆದ ಒಂದು ಅಧ್ಯಯನದಲ್ಲಿ 1,643 ಗಂಡಸರನ್ನು ಮೂರು ಗುಂಪು ಮಾಡಿ ಕೆಲವರಿಗೆ ಆಪರೇಷನ್, ಕೆಲವರಿಗೆ ರೇಡಿಯೇಷನ್, ಕೆಲವರಿಗೆ ಬರೀ ನಿಗಾ ಇಟ್ಟರು. ಹೆಚ್ಚಿನವರದು ಕಡಿಮೆ ಗ್ರೇಡ್. ಸುಮಾರು 15 ವರ್ಷದ ನಂತರ ಈ ಕ್ಯಾನ್ಸರಿನಿಂದ ಸತ್ತವರು ಒಟ್ಟು 100ಕ್ಕೆ 3ಕ್ಕಿಂತ ಕಡಿಮೆ, ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಸ್ಕೋರ್ 6ನ್ನು ಕ್ಯಾನ್ಸರ್ ಅಂತ ಕರೆಯುವುದನ್ನೇ ಬಿಡಬೇಕಾ ಅಂತ ತಜ್ಞರಲ್ಲೇ ಜೋರು ಚರ್ಚೆ ನಡೆದಿದೆ. ನಿಗಾ ಅಂದರೆ ಮರೆತುಬಿಡುವುದಲ್ಲ ಮತ್ತೆ. ಪಿಎಸ್‌ಎ, ಎಂಆರ್‌ಐ, ಬೇಕಾದರೆ ಮತ್ತೊಂದು ಬಯಾಪ್ಸಿ, ಇವೆಲ್ಲ ತಪ್ಪದೆ ಆಗಬೇಕು.

ಇನ್ನು 7. ಇದರಲ್ಲೇ ಜಾಸ್ತಿ ಗೊಂದಲ. 3+4 ಕೂಡಿಸಿದರೂ 7, 4+3 ಕೂಡಿಸಿದರೂ 7. ಆದರೆ ಮೊದಲನೆಯದರಲ್ಲಿ ಹೆಚ್ಚಿನ ಭಾಗ ಗ್ರೇಡ್ 3, ಎರಡನೆಯದರಲ್ಲಿ ಹೆಚ್ಚಿನ ಭಾಗ ಗ್ರೇಡ್ 4. ಇದನ್ನು ಸರಿಮಾಡಲು ಆಗ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿದ್ದ ಪೆಥಾಲಜಿಸ್ಟ್ ಜೊನಾಥನ್ ಎಪ್‌ಸ್ಟೀನ್ ಗ್ರೇಡ್ ಗ್ರೂಪ್ ಅನ್ನುವುದನ್ನು ಸೂಚಿಸಿದರು. 6 ಇದ್ದರೆ ಗ್ರೂಪ್ 1, 3+4 ಇದ್ದರೆ 2, 4+3 ಇದ್ದರೆ 3, ಒಟ್ಟು 8 ಆದರೆ 4, 9 ಅಥವಾ 10 ಆದರೆ 5. ಆಪರೇಷನ್ ಆದ 20 ಸಾವಿರಕ್ಕೂ ಹೆಚ್ಚು ಜನರನ್ನು ನೋಡಿದಾಗ, ಐದು ವರ್ಷದವರೆಗೆ ಪಿಎಸ್‌ಎ ಮತ್ತೆ ಏರದೆ (ಏರಿದರೆ ಕ್ಯಾನ್ಸರ್ ಮರಳಿದ ಸೂಚನೆ) ಉಳಿದವರು ಗ್ರೂಪ್ 1ರಲ್ಲಿ 96 ಶೇಕಡಾ, 2ರಲ್ಲಿ 88, 3ರಲ್ಲಿ 63, 4ರಲ್ಲಿ 48, 5ರಲ್ಲಿ 26. ಎರಡು ಏಳುಗಳ ನಡುವಿನ ಅಂತರ ನೋಡಿ, 88 ಎಲ್ಲಿ, 63 ಎಲ್ಲಿ! ಹಾಗಾಗಿ ಬರೀ ಒಟ್ಟು ಅಂಕಿಯನ್ನು ಫೋನಿನಲ್ಲಿ ಹೇಳಿ, ಏಳಂತೆ ಏಳಂತೆ ಅಂತ ಮನೆಮಂದಿಗೆಲ್ಲ ಹಂಚುವ ಮುಂಚೆ ಮೊದಲ ಅಂಕಿ ಯಾವುದು ಅಂತ ನೋಡಿ.

ಇಷ್ಟೆಲ್ಲ ತಿದ್ದಿದ ಮೇಲೆ ಗ್ಲೀಸನ್‌ದು ಏನು ಉಳಿಯಿತು ಅಂತ ಕೇಳಬಹುದು. ಅಡಿಪಾಯ ಪೂರ್ತಿ ಅವರದೇ. ಕಡಿಮೆ ಪವರ್, ಜೋಡಣೆಯ ಆಕಾರ, ಎರಡು ಆಕಾರಗಳ ಲೆಕ್ಕ. ಈಗ ಕಂಪ್ಯೂಟರಿಗೆ ಸ್ಲೈಡ್ ಓದಲು ಕಲಿಸುತ್ತಿದ್ದಾರೆ. 2020ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಬಯಾಪ್ಸಿಗಳನ್ನಿಟ್ಟುಕೊಂಡು ಪಾಂಡಾ ಅನ್ನುವ ಜಾಗತಿಕ ಸ್ಪರ್ಧೆಯೇ ನಡೆಯಿತು. ಅಲ್ಲಿಯೂ ಕಂಪ್ಯೂಟರಿಗೆ ಕಲಿಸಿದ್ದು ಇದೇ 3, 4, 5.

ಕೊನೆಯದಾಗಿ ಡಾಕ್ಟರ ಹತ್ತಿರ ಕೇಳಬೇಕಾದದ್ದು. ಗ್ರೇಡ್ ಗ್ರೂಪ್ ಎಷ್ಟು? ಗ್ರೇಡ್ 4 ಇದ್ದರೆ ಎಷ್ಟು ಶೇಕಡಾ ಇದೆ? ಅದರಲ್ಲಿ ಕ್ರಿಬ್ರಿಫಾರ್ಮ್, ಅಂದರೆ ತೂತು ತೂತಾದ ಆಕಾರ ಇದೆಯಾ? ಅದು ಇದ್ದರೆ ಬರೀ ನಿಗಾ ಸಾಕೇ ಅಂತ ಇನ್ನೊಮ್ಮೆ ಯೋಚಿಸಬೇಕಾಗುತ್ತದೆ. ಆಪರೇಷನ್ ಒಪ್ಪಿಕೊಳ್ಳುವ ಮುಂಚೆ ಇನ್ನೊಬ್ಬ ಪೆಥಾಲಜಿಸ್ಟ್ ಸ್ಲೈಡ್ ನೋಡಲಿ ಅಂತ ಕೇಳುವುದರಲ್ಲಿ ಯಾವ ತಪ್ಪೂ ಇಲ್ಲ, ಹಾಗೆ ಕೇಳಿದರೆ ಡಾಕ್ಟರಿಗೆ ಅವಮಾನ ಆಗುತ್ತದೆ ಅಂತ ಹಿಂಜರಿಯಬೇಡಿ. ಬಯಾಪ್ಸಿ ಮಾಡಿದ ಲ್ಯಾಬಿನಲ್ಲಿ ಸ್ಲೈಡಿನ ಜೊತೆಗೆ ಮೇಣದ ಬ್ಲಾಕುಗಳನ್ನೂ ಕೇಳಿ ಪಡೆಯಿರಿ, ಮತ್ತೆ ಬಣ್ಣ ಹಾಕಿ ನೋಡಬೇಕಾದರೆ ಬ್ಲಾಕ್ ಬೇಕಾಗುತ್ತದೆ.