ಒಬ್ಬ ಅಪ್ಪ, ಒಂದು ಕುರ್ಚಿ, ಹಿಂದೆ ಪಂಜರ

ಕೇಳುಗರೇ, ನಮಸ್ಕಾರ. ಇವತ್ತು ಒಂದು ನಾಟಕದ ಬಗ್ಗೆ ಹೇಳಬೇಕು. ಹೆಸರು 'ಗ್ವಾಂಟನಾಮೊ', ಕ್ಯೂಬಾದಲ್ಲಿರುವ ಅಮೆರಿಕದ ನೌಕಾನೆಲೆಯ ಸೆರೆಮನೆಯ ಹೆಸರೇ ಅದು. 2004ರ ಮೇ ತಿಂಗಳಲ್ಲಿ ಲಂಡನ್ನಿನ ಕಿಲ್ಬರ್ನ್‌ನಲ್ಲಿದ್ದ ಟ್ರೈಸಿಕಲ್ ಅನ್ನೋ ಚಿಕ್ಕ ರಂಗಮಂದಿರದಲ್ಲಿ ಶುರುವಾಯಿತು.

ವಿಕ್ಟೋರಿಯಾ ಬ್ರಿಟನ್, ಗಿಲಿಯನ್ ಸ್ಲೋವೊ ಇಬ್ಬರೂ ಸೇರಿ ಮಾಡಿದ ನಾಟಕ ಇದು. ಅವರು ಕಥೆ ಕಟ್ಟಲಿಲ್ಲ. ಕೈದಿಗಳ ಮನೆಯವರನ್ನು, ವಕೀಲರನ್ನು, ಬಿಡುಗಡೆಯಾಗಿ ಬಂದವರನ್ನು ಮಾತಾಡಿಸಿದರು, ಒಳಗಿದ್ದವರು ಬರೆದ ಕಾಗದಗಳನ್ನು ಓದಿದರು, ಅದನ್ನೇ ಜೋಡಿಸಿ ರಂಗಕ್ಕೆ ತಂದರು. ನನಗೆ ಇದೇ ಸರಿ ಅನಿಸುತ್ತದೆ. ಯಾಕೆ ಅಂದರೆ ಅಮೆರಿಕ ಸರ್ಕಾರ ಆ ಜನರಿಂದ ಮೊದಲು ಕಿತ್ತುಕೊಂಡಿದ್ದೇ ಮಾತಾಡುವ ಜಾಗವನ್ನು.

ಅಫ್ಘಾನಿಸ್ತಾನದ ಯುದ್ಧ ಶುರುವಾದ ಮೇಲೆ, 2002ರ ಜನವರಿ 11ರಂದು ಮೊದಲ ಕೈದಿಗಳು ಗ್ವಾಂಟನಾಮೊಗೆ ಬಂದಿಳಿದರು. ಒಟ್ಟು ಸುಮಾರು 780 ಜನರನ್ನು ಅಲ್ಲಿಟ್ಟಿದ್ದರು. ಯುದ್ಧಕೈದಿ ಅಂದರೆ ಜಿನೀವಾ ಒಪ್ಪಂದದ ರಕ್ಷಣೆ ಕೊಡಬೇಕು, ಅಪರಾಧಿ ಅಂದರೆ ಕೋರ್ಟಿಗೆ ಕರೆತರಬೇಕು, ಅಲ್ವಾ? ಸರ್ಕಾರ ಎರಡಕ್ಕೂ ಒಪ್ಪಲಿಲ್ಲ. ಜಾಗ ಕ್ಯೂಬಾದ್ದು, ನಮ್ಮ ಕೋರ್ಟುಗಳಿಗೆ ಅಲ್ಲಿ ಅಧಿಕಾರ ಇಲ್ಲ ಅಂತ ವಾದಿಸಿತು.

ನಾಟಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಒಬ್ಬ ಅಪ್ಪ, ಬರ್ಮಿಂಗ್‌ಹ್ಯಾಮ್‌ನ ಅಜ್ಮತ್ ಬೇಗ್. ಅವರ ಮಗ ಮೊಅಜ್ಜಂನನ್ನು ಇಸ್ಲಾಮಾಬಾದಿನ ಮನೆಯಿಂದ ಎತ್ತಿಕೊಂಡು ಹೋಗಿ, ಅಫ್ಘಾನಿಸ್ತಾನದ ಬಗ್ರಾಮ್‌ನಲ್ಲಿ, ಆಮೇಲೆ ಗ್ವಾಂಟನಾಮೊದಲ್ಲಿ ಇಟ್ಟಿದ್ದರು. ಈ ಅಪ್ಪ ಭಾಷಣ ಮಾಡುವುದಿಲ್ಲ. ಮಗ ಚಿಕ್ಕವನಿದ್ದಾಗ ಹೇಗಿದ್ದ ಅಂತ ನಿಧಾನವಾಗಿ ಹೇಳುತ್ತಾ ಹೋಗುತ್ತಾರೆ. ಅವನನ್ನು ಯಹೂದಿಗಳ ಶಾಲೆಗೆ ಸೇರಿಸಿದ್ದರು, ಗೊತ್ತಾ? ಮಗನಿಂದ ಬಂದ ಕಾಗದಗಳಲ್ಲಿ ಅಧಿಕಾರಿಗಳು ಸಾಲುಗಳಿಗೆ ಕಪ್ಪು ಬಳಿದಿರುತ್ತಿದ್ದರು. ಒಬ್ಬ ಅಪ್ಪ ಆ ಕಪ್ಪು ಪಟ್ಟಿಯ ಕೆಳಗೆ ಏನಿದ್ದಿರಬಹುದು ಅಂತ ಕಾಗದವನ್ನು ಬೆಳಕಿಗೆ ಹಿಡಿದು ನೋಡದೆ ಇದ್ದಾರೆಯೇ?

ಅಪ್ಪ ಮಾತಾಡುವಾಗ ಹಿಂದೆ ಪಂಜರಗಳಿವೆ. ಕಿತ್ತಳೆ ಬಣ್ಣದ ಬಟ್ಟೆಯವರು ಅದರೊಳಗೆ ಇರುತ್ತಾರೆ, ನಮಾಜು ಮಾಡುತ್ತಾರೆ, ಸುಮ್ನೆ ಮಲಗುತ್ತಾರೆ. ನಾವು ಬೇರೆ ಮಾತು ಕೇಳುತ್ತಾ ಅವರನ್ನು ಮರೆತರೂ ಅವರು ಅಲ್ಲೇ ಇರುತ್ತಾರೆ. ಪತ್ರಿಕೆಯಲ್ಲಿ ಸುದ್ದಿ ಓದಿದರೆ ಪುಟ ತಿರುಗಿಸಬಹುದು, ಇಲ್ಲಿ ಆಗುವುದಿಲ್ಲ.

ನಾಟಕ ನಡೆಯುತ್ತಿದ್ದ ದಿನಗಳಲ್ಲೇ, ಜೂನ್ 28ರಂದು, ಆ ಕೈದಿಗಳು ಅಮೆರಿಕದ ಕೋರ್ಟಿಗೆ ಹೋಗಬಹುದು ಅಂತ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನಾಟಕದಿಂದ ತೀರ್ಪು ಬಂತು ಅಂತ ನಾನು ಹೇಳುತ್ತಿಲ್ಲ, ಅದು ವಕೀಲರ ದುಡಿಮೆ. ಆದರೆ ಅದೇ ವರ್ಷ ನಾಟಕ ನ್ಯೂಯಾರ್ಕಿಗೂ ಹೋಯಿತು. ದಕ್ಷಿಣ ಆಫ್ರಿಕಾದ ಬಿಷಪ್ ಡೆಸ್ಮಂಡ್ ಟುಟು ಅಲ್ಲಿ ನ್ಯಾಯಾಧೀಶರ ಪಾತ್ರದಲ್ಲಿ ನಿಂತರು.

ಮೊಅಜ್ಜಂ ಮನೆಗೆ ಬಂದದ್ದು 2005ರ ಜನವರಿಯಲ್ಲಿ. ಒಂದು ಆರೋಪವನ್ನೂ ಹೊರಿಸಿರಲಿಲ್ಲ. ಅವರು ಒಳಗಿದ್ದಾಗ ಹುಟ್ಟಿದ ಮಗು ಅಷ್ಟರಲ್ಲಿ ಓಡಾಡುತ್ತಿತ್ತು, ಅಪ್ಪನ ಮುಖವನ್ನು ಅವತ್ತೇ ಮೊದಲು ನೋಡಿದ್ದು.