ಬಾರಕೂರಿನಲ್ಲಿ ನಮ್ಮ ಬಳಿಯವರು

ಕೇಳುಗರಿಗೆ ನಮಸ್ಕಾರ.

ಹೋದ ಶ್ರಾವಣದಲ್ಲಿ, ನಾಗರ ಪಂಚಮಿಯ ಬೆಳಿಗ್ಗೆ, ನಾವು ಮೂವರು ಬಾರಕೂರಿಗೆ ಹೋದೆವು. ಜೋರು ಮಳೆ. ಅಜ್ಜಿಯ ಕೈಯಲ್ಲಿ ಹಿಂಗಾರ, ಅಂದರೆ ಅಡಿಕೆಯ ಹೂ, ಅಮ್ಮನ ಕೈಯಲ್ಲಿ ಹಾಲು ಮತ್ತು ಸೀಯಾಳ, ನನ್ನ ಕೈಯಲ್ಲಿ ಕೊಡೆ.

ಉಡುಪಿಯಿಂದ ಬ್ರಹ್ಮಾವರಕ್ಕೆ ಬಂದು ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿದರೆ ಬಾರಕೂರು ಸಿಗುತ್ತದೆ. ಒಟ್ಟು 16 ಕಿಲೋಮೀಟರ್ ಅಷ್ಟೇ. ಗದ್ದೆ, ತೆಂಗು, ಹಂಚಿನ ಮನೆ. ಇದು ತುಳುನಾಡನ್ನು ಆಳಿದ ಆಳುಪರ ರಾಜಧಾನಿಯಾಗಿತ್ತು ಅಂದರೆ ಮೊದಲ ಸಲ ಬಂದವರು ನಂಬುವುದು ಕಷ್ಟ. ಹೊಯ್ಸಳರ ಮೂರನೇ ಬಲ್ಲಾಳನ ರಾಣಿ ಚಿಕ್ಕಾಯಿ ತಾಯಿ ಆಳಿದ್ದು ಇಲ್ಲಿಂದಲೇ. ವಿಜಯನಗರದ ಕಾಲದಲ್ಲಿ ಬಾರಕೂರು ಅನ್ನುವುದು ಬರೀ ಊರಿನ ಹೆಸರಲ್ಲ, ಒಂದು ಪ್ರಾಂತ್ಯದ ಹೆಸರು. 14ನೇ ಶತಮಾನದಲ್ಲಿ ಇಲ್ಲಿಗೆ ಬಂದ ಪ್ರವಾಸಿ ಇಬ್ನ್ ಬತೂತ ಇದನ್ನು ಫಾಕನೂರು ಎಂದು ಕರೆದು, ಇಲ್ಲಿಯ ಕಬ್ಬನ್ನು ಹೊಗಳಿ ಬರೆದ.

ಕತ್ತಲೆ ಬಸದಿಯಲ್ಲಿ ಮಳೆಗೆ ಸ್ವಲ್ಪ ಹೊತ್ತು ನಿಂತೆವು. ಈಗ ಅಲ್ಲಿ ಪೂಜೆಯಿಲ್ಲ. ಕಲ್ಲಿನ ಕಂಬಗಳು ನೀರು ಕುಡಿದು ಕಪ್ಪಾಗಿದ್ದವು. ಅಜ್ಜಿ ಒಂದು ಕಂಬಕ್ಕೆ ಒರಗಿ ಭೂತಾಳ ಪಾಂಡ್ಯನ ಕಥೆ ಹೇಳಿದರು. ಅರಸನ ಹಡಗು ನೀರಿಗೆ ಇಳಿಯಲೇ ಇಲ್ಲವಂತೆ. ಕುಂಡೋದರ ಭೂತ ನರಬಲಿ ಕೇಳಿತಂತೆ. ತನ್ನ ಮಕ್ಕಳನ್ನು ಕೊಡಲು ಹೆಂಡತಿ ಒಪ್ಪಲಿಲ್ಲ, ಅರಸನ ತಂಗಿ ತನ್ನ ಮಗನನ್ನು ಕರೆತಂದಳು. ಭೂತ ಅವನನ್ನು ಉಳಿಸಿತು. ಅವನೇ ಭೂತಾಳ ಪಾಂಡ್ಯ. ಪಟ್ಟ ಅವನಿಗಾಯಿತು, ತಾಯಿಯ ಕಡೆಯಿಂದ ವಂಶ ನಡೆಯುವ ಅಳಿಯಸಂತಾನದ ಕಟ್ಟು ಹುಟ್ಟಿತು.

ನನಗಿದು ಸುಮ್ನೆ ಕಥೆಯಲ್ಲ. ನಮ್ಮಲ್ಲಿ ಬಳಿ ಅಂದರೆ ತಾಯಿಯಿಂದ ಬರುವ ಕುಲ. ಆ ಕಟ್ಟಿನಿಂದಲೇ ನನ್ನ ಬಳಿ ಅಮ್ಮನದು, ಅಮ್ಮನ ಬಳಿ ಅಜ್ಜಿಯದು. ಅಮ್ಮ ಹುಟ್ಟಿದ್ದು ಮುಂಬೈಯಲ್ಲಿ. ಈ ಊರಲ್ಲಿ ನಮಗೆ ಮನೆಯಿಲ್ಲ, ಗದ್ದೆಯಿಲ್ಲ. ನಮ್ಮ ಕುಲದವರು ಪೂಜಿಸುವ ಮೂಲ ನಾಗ ಮಾತ್ರ ಇಲ್ಲಿದೆ. ಕರಾವಳಿಯ ಎಷ್ಟೋ ಮನೆಯವರ ಕಥೆ ಹೀಗೇ ಅಲ್ವಾ?

ಬಾರಕೂರೆಂದರೆ ಕೇರಿಗಳ ಊರು. ಕೋಟೆಕೇರಿ, ಮೂಡುಕೇರಿ, ಮಣಿಗಾರಕೇರಿ, ಚೌಳಿಕೇರಿ. ಅಜ್ಜಿಗೆ ನಾಗಬನದ ದಾರಿ ಮರೆತಿತ್ತು. ಹಳೇ ಮಾವಿನಮರ ಬಿದ್ದುಹೋಗಿತ್ತು, ಕಾಲುದಾರಿಯ ಜಾಗದಲ್ಲಿ ಕಾಂಕ್ರೀಟು ಬಂದಿತ್ತು. ಎರಡು ಸಲ ತಪ್ಪಿದೆವು. ಆಮೇಲೆ ಒಂದು ತೋಡಿನ ಹತ್ತಿರ ಅಜ್ಜಿ ತಟ್ಟನೆ ನಿಂತರು. "ಕಾಣ್ ಮಗಾ, ಇಲ್ಲೇ" ಅಂದರು.

ನಾಲ್ಕೈದು ಮರ, ಬಳ್ಳಿ, ಅದರಡಿ ಪಾಚಿ ಹಿಡಿದ ನಾಗನ ಕಲ್ಲುಗಳು. ಭಟ್ಟರು ತನು ಎರೆದರು. ಹಾಲು, ಸೀಯಾಳದ ನೀರು, ಅರಸಿನ, ಮಳೆ, ಎಲ್ಲ ಒಟ್ಟಿಗೆ ಹರಿಯಿತು. ಅಜ್ಜಿ ಕಣ್ಣು ಮುಚ್ಚಿ ತಮ್ಮ ಅಮ್ಮನ ಹೆಸರು ಹೇಳಿದರು. ಅಮ್ಮನ ಅಮ್ಮನ ಹೆಸರು ಹೇಳಿದರು. ಅಲ್ಲಿಂದ ಮುಂದೆ ಅವರಿಗೂ ಗೊತ್ತಿರಲಿಲ್ಲ. ಆ ಎರಡು ಹೆಸರನ್ನು ನಾನು ಅಲ್ಲೇ ಮೊಬೈಲಿನಲ್ಲಿ ಬರೆದುಕೊಂಡೆ.

ಹೊರಡುವಾಗ ಇನ್ನೊಂದು ಮನೆಯವರು ಬಂದರು. ವಯಸ್ಸಾದ ಒಬ್ಬರು, ಜೊತೆಗೆ ಇಬ್ಬರು ಮೊಮ್ಮಕ್ಕಳು. ನಮಗೆ ಅವರ ಪರಿಚಯವೇ ಇಲ್ಲ. ಅಜ್ಜಿ ಊರು ಕೇಳಲಿಲ್ಲ, ಹೆಸರೂ ಕೇಳಲಿಲ್ಲ.

"ನಿಮ್ದ್ ಯಾವ ಬಳಿ?" ಅಂದರು.

ಅವರು ಹೇಳಿದರು. ನಮ್ಮದೇ ಬಳಿ. ಅಜ್ಜಿ ಕೊಡೆಯಿಂದ ಹೊರಗೆ ಹೋಗಿ, ಮಳೆಯಲ್ಲೇ ನಿಂತು ಅವರ ಎರಡೂ ಕೈ ಹಿಡಿದುಕೊಂಡರು. ಚೀಲದಲ್ಲಿದ್ದ ಅರಸಿನ ಎಲೆಯ ಕಡುಬನ್ನು ಆ ಮಕ್ಕಳಿಗೂ ಹಂಚಿ, ಎಲ್ಲರೂ ಅಲ್ಲೇ ಒಂದು ಮಾಡಿನ ಕೆಳಗೆ ಕೂತು ತಿಂದೆವು.

ನಮಸ್ಕಾರ.